ರಘು ದೀಕ್ಷಿತ್ ಪ್ರಾಜೆಕ್ಟ್ ಮೈಸೂರಿನಲ್ಲಿ: ತಂಡಕ್ಕೆ ಪೂರ್ಣ ಅಂಕ, ವ್ಯವಸ್ಥೆಗೆ ಅರ್ಧ

ನಮ್ಮೂರಿನಲ್ಲೇ ಬೆಳೆದವರ ತಂಡವನ್ನು ನಮ್ಮೂರಿನಲ್ಲೇ ಕೇಳುವಾಗ ಅಭಿಮಾನ ಕಿವಿಗೆ ಅಡ್ಡ ಬರುತ್ತದೆಂಬ ಅರಿವಿದ್ದುದರಿಂದ, ಗಾಯಕ ರಘು ದೀಕ್ಷಿತರ ಜಾನಪದ-ರಾಕ್ ತಂಡವಾದ ರಘು ದೀಕ್ಷಿತ್ ಪ್ರಾಜೆಕ್ಟ್‌ನ ಬಯಲು ಕಾರ್ಯಕ್ರಮಕ್ಕೆ ಮಂಡ್ಯದ ಗೆಳೆಯನೊಬ್ಬನನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆ. ಶಿಶುನಾಳ ಶರೀಫರ ಪದಗಳನ್ನು ಸಿ. ಅಶ್ವತ್ಥ್ ಅವರ ಕಂಠದಲ್ಲಿ ಮಾತ್ರ ಒಪ್ಪುವ, ಡ್ರಮ್ಸ್ ಎಂದರೆ ಮುಖ ಸಿಂಡರಿಸುವ ಆಸಾಮಿ ಅವನು.

ಈ ತಂಡದ ಮೊದಲ ಆಲ್ಬಮ್ 2008ರಲ್ಲಿ ಬಂದದ್ದು. ಅಂದಿನಿಂದ ಅದನ್ನು ಕೇಳುತ್ತಿರುವವನಾಗಿ ಹೇಳುವುದಾದರೆ, ಇವರ ಹಾಡುಗಳು ಧ್ವನಿಮುದ್ರಣದಲ್ಲಿ ಸೊಗಸಾಗಿ ಕೇಳಿಸುತ್ತವೆಯೇ ಹೊರತು ಅವುಗಳ ನಿಜವಾದ ಕಸುವು ಗೊತ್ತಾಗುವುದು ವೇದಿಕೆಯ ಮೇಲೆಯೇ. ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ, ಹೆಗಲಿಗೆ ಗಿಟಾರ್. ಭರತನಾಟ್ಯ ಕಲಿತ ದೇಹವಾದ್ದರಿಂದ ದೀಕ್ಷಿತರ ಹೆಜ್ಜೆ ತಾಳದ ಮೇಲೆಯೇ ಬೀಳುತ್ತದೆ. ಕುಣಿತದ ನಡುವೆಯೂ ಶ್ರುತಿ ಕದಲದಿರುವುದು ಸಣ್ಣ ಸಂಗತಿಯಲ್ಲ.

ತೊಂದರೆ ಇದ್ದದ್ದು ನಾವು ಕುಳಿತ ಜಾಗದಲ್ಲಿ. ದುಬಾರಿ ಟಿಕೆಟ್‌ನ ಮುಂದಿನ ಸಾಲುಗಳು ಬೇಸ್ ಸ್ಪೀಕರ್‌ಗಳಿಗೆ ನೇರ ಎದುರಾಗಿದ್ದವು. ಶರೀಫರ ‘ಗುಡುಗುಡಿಯ ಸೇದಿ ನೋಡೋ’ ಪದದಲ್ಲಿ ಮನಸ್ಸೇ ಸಂಚಿ, ಬುದ್ಧಿಯೇ ಚಿಲುಮೆಯ ಮೇಲಿಡುವ ಕೆಂಡ. ಒಂದೊಂದು ಮಾತೂ ಹಿಂದಿನದಕ್ಕೆ ಕೊಂಡಿಯಾಗಿ ಬೆಳೆಯುವ ಆ ರಚನೆಯಲ್ಲಿ ಎದೆ ನಡುಗಿಸುವ ಸದ್ದಿನ ಅಡಿ ನಾಲ್ಕು ಪದ ಮುಳುಗಿದರೂ ಉಳಿಯುವುದು ಬರೀ ಹುಕ್ಕಾದ ಹಾಡು. ‘ಸಾಹಿತ್ಯ ಎಲ್ಲೋಯ್ತೋ?’ ಎಂದು ಗೆಳೆಯ ಕಿವಿಯ ಬಳಿ ಬಂದು ಕೂಗಿದ. ಅವನ ಮಾತು ಸುಳ್ಳಾಗಿರಲಿಲ್ಲ.

ಎದ್ದು ಹೋಗಿ, ಮೈದಾನದ ಮಧ್ಯದಲ್ಲಿ ಮಿಕ್ಸರ್ ಇಟ್ಟುಕೊಂಡು ಕುಳಿತಿದ್ದ ಧ್ವನಿತಂತ್ರಜ್ಞರ ಬೆನ್ನ ಹಿಂದೆ ನಿಂತೆವು. ಅವರು ತಮ್ಮ ಕಿವಿಗೆ ಕೇಳುವುದನ್ನು ನೋಡಿಕೊಂಡೇ ಸದ್ದನ್ನು ಹದಗೊಳಿಸುವುದರಿಂದ ಬಯಲು ಕಾರ್ಯಕ್ರಮದಲ್ಲಿ ಆ ಜಾಗಕ್ಕಿಂತ ಉತ್ತಮ ಜಾಗ ಸಿಗುವುದು ಕಷ್ಟ. ಅಲ್ಲಿಂದ ಪಿಟೀಲು ಗಿಟಾರಿನಿಂದ ಬೇರೆಯಾಗಿ ಕೇಳಿಸಿತು, ವ್ಯಂಜನಗಳು ಕೂಡ ಸ್ಪಷ್ಟವಾದವು. ಶರೀಫರದೇ ‘ಲೋಕದ ಕಾಳಜಿ’ ಶುರುವಾದಾಗ ಗೆಳೆಯ ಮೊದಲ ಚರಣವನ್ನು ಕೈಕಟ್ಟಿಕೊಂಡು ಕೇಳಿದ, ಎರಡನೆಯದಕ್ಕೆ ತೊಡೆಯ ಮೇಲೆ ತಾಳ ಹಾಕತೊಡಗಿದ.

ಮಹದೇಶ್ವರನ ಹಾಡಿಗೆ ಸಿಕ್ಕ ಪ್ರತಿಕ್ರಿಯೆಯಂತೂ ಬೇರೆಯೇ. ‘ಸೈಕೋ’ ಚಿತ್ರಕ್ಕಾಗಿ ದೀಕ್ಷಿತರು ಸಂಗೀತ ನೀಡಿದ ‘ನಿನ್ನ ಪೂಜೆಗೆ ಬಂದೆ’ ಎಲ್ಲೆಡೆಯೂ ಜನಪ್ರಿಯವಿರಬಹುದು, ಆದರೆ ಮಾದಪ್ಪನ ಹರಕೆ ಹೊತ್ತು ಬೆಟ್ಟ ಹತ್ತುವ, ಕಂಸಾಳೆಯ ನಾದ ಕೇಳುತ್ತಲೇ ಬೆಳೆದ ಈ ಸೀಮೆಯವರಿಗೆ ಅದು ಮನೆದೇವರ ಹಾಡು. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದ ಅಪ್ಪಂದಿರೂ ಸೆರಗು ಬಿಗಿದ ಹೆಂಗಸರೂ ಒಟ್ಟಿಗೆ ಕುಣಿದರು. ಗಾಯಕರು ಮೈಕನ್ನು ಜನರತ್ತ ತಿರುಗಿಸಿದಾಗ ಪಲ್ಲವಿ ಒಂದು ಅಕ್ಷರವೂ ತಪ್ಪದೆ ಹಿಂದಿರುಗಿತು.

ಇನ್ನು ಸಂಘಟಕರ ವಿಷಯ. ಶಾಲು, ಹಾರ, ಅತಿಥಿಗಳ ಭಾಷಣ ಎಂದು ಆರಂಭವೇ ಬಹಳ ತಡವಾಯಿತು. ಟಿಕೆಟ್ ಕೊಂಡು ಬಂದವರಿಗೆ ಇದು ಯಾಕೆ ಬೇಕಿತ್ತೋ. ಕುಡಿಯುವ ನೀರು ಮೂಲೆಯ ಒಂದೇ ಮಳಿಗೆಯಲ್ಲಿತ್ತು, ಹೊರಹೋಗಲು ಇದ್ದ ಕಿರಿದಾದ ಒಂದೇ ಗೇಟಿನಲ್ಲಿ ವೃದ್ಧರು ಪಟ್ಟ ಪಾಡು ನೋಡಲಾಗಲಿಲ್ಲ.

ಮಂಡ್ಯದ ಬಸ್ಸಿಗೆ ಕಾಯುವಾಗ ಗೆಳೆಯನ ತೀರ್ಪೂ ಬಂತು: ಅಶ್ವತ್ಥ್ ಅವರ ಶರೀಫರು ಕೂತು ಕೇಳಲು, ಇವರದು ನಿಂತು ಕೇಳಲು. ಅದನ್ನು ನಾನು ಪೂರ್ತಿ ಒಪ್ಪುವುದಿಲ್ಲ, ಇಬ್ಬರದನ್ನೂ ಕೂತೇ ಕೇಳಬಹುದು. ಆದರೆ ಈ ತಂಡ ಮತ್ತೆ ಬಂದಾಗ ಮುಂದಿನ ಸಾಲಿಗೆ ಹಣ ಸುರಿಯದೆ, ಕಡಿಮೆ ದರದ ಟಿಕೆಟ್ ಕೊಂಡು ನೇರವಾಗಿ ಮಿಕ್ಸರ್ ಹಿಂದಕ್ಕೆ ಹೋಗಿ ನಿಲ್ಲಿ.