ಕುದುರೆ ಮರಿಯ ಮುರಿದ ಪಕ್ಕೆಲುಬು: ಪ್ಲೇಟಾ, ನೈಲಾನ್ ದಾರವಾ, ಸುಮ್ನೆ ಬಿಡೋದಾ?

ನನ್ನ ಆಯ್ಕೆ ಮೊದಲೇ ಹೇಳಿಬಿಡುತ್ತೇನೆ. ಹುಟ್ಟುವಾಗ ಪಕ್ಕೆಲುಬು ಮುರಿದುಕೊಂಡ ಕುದುರೆ ಮರಿಗಳಲ್ಲಿ ಹೆಚ್ಚಿನವಕ್ಕೆ ಆಪರೇಷನ್ ಬೇಡ. ಬೇಕೇ ಬೇಕು ಅನ್ನುವಾಗ ನಾನು ಮೊದಲು ಕೈಗೆತ್ತಿಕೊಳ್ಳುವುದು ನೈಲಾನ್ ದಾರ. ಸ್ಕ್ರೂ ಹಾಕಿ ಕೂರಿಸುವ ಲೋಹದ ಪ್ಲೇಟ್ ಆಮೇಲೆ. ವೈರು ಕಟ್ಟುವ ಪ್ಲಾಸ್ಟಿಕ್ ಪಟ್ಟಿ, ಅಂದರೆ ಕೇಬಲ್ ಟೈ ಬಗ್ಗೆ ಇನ್ನೂ ಅರೆಮನಸ್ಸು. ನಾಲ್ಕನ್ನೂ ಮಾಡಿ ನೋಡಿದ ಮೇಲೆ ಬಂದ ಅಭಿಪ್ರಾಯ ಇದು. ಪ್ಲೇಟನ್ನೇ ನೆಚ್ಚಿಕೊಂಡ ಸರ್ಜನ್ನರೂ ಇದ್ದಾರೆ, ಅವರ ವಾದವನ್ನು ತಳ್ಳಿಹಾಕುವ ಹಾಗಿಲ್ಲ.

ಇದು ಅಪರೂಪದ ತೊಂದರೆಯೇನಲ್ಲ. 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 263 ನವಜಾತ ಮರಿಗಳನ್ನು ಪರೀಕ್ಷಿಸಿದಾಗ, ಸುಮಾರು ಐದರಲ್ಲಿ ಒಂದಕ್ಕೆ ಎದೆಗೂಡಿಗೆ ಪೆಟ್ಟಾಗಿತ್ತು. ತಾಯಿಯ ಸೊಂಟದ ಎಲುಬಿನ ನಡುವೆ ಮರಿಯ ಎದೆ ಹಿಸುಕಿಕೊಂಡು ಬರಬೇಕಲ್ವಾ, ಪೆಟ್ಟು ಬೀಳುವುದು ಅಲ್ಲೇ. ಚೊಚ್ಚಲ ಹೆರಿಗೆಯಲ್ಲಿ, ಮರಿ ಸಿಕ್ಕಿಹಾಕಿಕೊಂಡು ಎಳೆದು ತೆಗೆಯಬೇಕಾದಾಗ ಜಾಸ್ತಿ. ಸಾಮಾನ್ಯವಾಗಿ ಮುರಿಯುವುದು ಮುಂದಿನ ಪಕ್ಕೆಲುಬುಗಳು, ಮೂರರಿಂದ ಎಂಟರ ಆಸುಪಾಸು. ಅದೂ ಕೆಳತುದಿಯಲ್ಲಿ, ಎಲುಬು ಮೃದ್ವಸ್ಥಿಗೆ ಸೇರುವ ಕಡೆ. ಎಡಗಡೆ ಆ ಜಾಗದ ಒಳಗೇ ಹೃದಯ ಬಡಿಯುತ್ತಿರುತ್ತದೆ. ಚೂಪಾದ ತುದಿ ಒಳಕ್ಕೆ ತಿರುಗಿದ್ದರೆ, ಮರಿ ಚೆನ್ನಾಗಿಯೇ ಓಡಾಡಿಕೊಂಡಿದ್ದು ಇದ್ದಕ್ಕಿದ್ದಂತೆ ಸತ್ತುಬೀಳಬಹುದು.

ಗೊತ್ತಾಗುವುದು ಹೇಗೆ? ಅಂಗೈಯನ್ನು ಮರಿಯ ಮೊಣಕೈಯ ಹಿಂದೆ ಒತ್ತದೆ ಸುಮ್ನೆ ಇಟ್ಟು, ಮರಿ ನಾಲ್ಕಾರು ಸಲ ಉಸಿರಾಡುವವರೆಗೆ ಕಾಯಬೇಕು. ಮುರಿದಿದ್ದರೆ ಒಳಗೆ ಎಲುಬು ಎಲುಬಿಗೆ ತಾಗಿ 'ಕಟಕ್' ಅನ್ನುವುದು ಬೆರಳಿಗೆ ತಿಳಿಯುತ್ತದೆ. ಕೆಲವಕ್ಕೆ ಅಲ್ಲಿ ಮೆತ್ತಗೆ ಊದಿಕೊಂಡಿರುತ್ತದೆ. ಕೆಲವು ಮಲಗುವಾಗ ನರಳುತ್ತವೆ. ಏನೂ ತೋರಿಸದ ಮರಿಗಳೂ ಬೇಕಾದಷ್ಟಿವೆ. ಅಲ್ಟ್ರಾಸೌಂಡ್ ಇಟ್ಟರೆ ಪಕ್ಕೆಲುಬಿನ ಬಿಳಿ ಗೆರೆ ನಡುವೆ ಮೆಟ್ಟಿಲಿನಂತೆ ತಪ್ಪಿರುವುದು ಕಾಣುತ್ತದೆ. ಎಕ್ಸ್-ರೇಯಲ್ಲಿ ಎಷ್ಟೋ ಸಲ ಇದು ತಪ್ಪಿಹೋಗುತ್ತದೆ, ಹಾಗಾಗಿ ಎಕ್ಸ್-ರೇ 'ನಾರ್ಮಲ್' ಬಂತು ಅಂದರೆ ನಾನು ಸಮಾಧಾನಪಡುವುದಿಲ್ಲ.

ಬರೀ ಆರೈಕೆಯ ದಾರಿ ಮೇಲುನೋಟಕ್ಕೆ ಸುಲಭ. ತಾಯಿ-ಮರಿಯನ್ನು ಚಿಕ್ಕ ಲಾಯದಲ್ಲಿ ಎರಡು-ಮೂರು ವಾರ ಕಟ್ಟುನಿಟ್ಟಾಗಿ ಇಡುವುದು, ನೋವಿನ ಔಷಧಿ, ಬೇಕಿದ್ದರೆ ಮೂಗಿಗೆ ಆಕ್ಸಿಜನ್. ಮುರಿದ ತುದಿಗಳು ಜರುಗಿಲ್ಲದಿದ್ದರೆ, ಒಳಗೆ ರಕ್ತ ಅಥವಾ ಗಾಳಿ ತುಂಬಿಲ್ಲದಿದ್ದರೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಈ ವಯಸ್ಸಿನಲ್ಲಿ ಎಲುಬು ಕೂಡಿಕೊಳ್ಳುವ ವೇಗ ನೋಡಿದರೆ ಆಶ್ಚರ್ಯವಾಗುತ್ತದೆ. ಆದರೆ ಕೆಲಸ ಕಡಿಮೆ ಅಂದುಕೊಳ್ಳಬೇಡಿ. ನೋವಿನ ಔಷಧಿ ಕಮ್ಮಿಯಾದರೆ ಮರಿ ಆಳವಾಗಿ ಉಸಿರಾಡುವುದಿಲ್ಲ, ಎದ್ದು ಹಾಲು ಕುಡಿಯುವುದಿಲ್ಲ. ಜಾಸ್ತಿಯಾದರೆ ಲಾಯದೊಳಗೇ ಕುಣಿಯಲು ಶುರುಮಾಡುತ್ತದೆ. ಫ್ಲುನಿಕ್ಸಿನ್‌ನಂಥ ಔಷಧಿ ಹೊಟ್ಟೆಯಲ್ಲಿ ಹುಣ್ಣು ಮಾಡಬಹುದು, ಮೈಯಲ್ಲಿ ನೀರು ಕಮ್ಮಿಯಿದ್ದಾಗ ಕಿಡ್ನಿಗೂ ಕೆಟ್ಟದ್ದು. ಇನ್ನು, ಮರಿಯನ್ನು ಎತ್ತುವವರು ಎದೆಗೂಡಿಗೆ ಕೈ ಬಳಸಿ ಅಪ್ಪಿ ಎತ್ತುವ ಅಭ್ಯಾಸ ಬಿಡಲೇಬೇಕು. ಒಂದು ಕೈ ಎದೆಯ ಮುಂಭಾಗಕ್ಕೆ, ಇನ್ನೊಂದು ಹಿಂಭಾಗಕ್ಕೆ, ಅಷ್ಟೇ. ಇದನ್ನು ಹೇಳಿ ಹೇಳಿ ನನ್ನ ಬಾಯಿ ನೋಯುತ್ತದೆ.

ಆಪರೇಷನ್ ಕಡೆ ವಾಲುವುದು ಯಾವಾಗ? ತುದಿ ಒಳಕ್ಕೆ ಬಾಗಿ ಹೃದಯ ಅಥವಾ ಶ್ವಾಸಕೋಶದ ಕಡೆ ನೋಡುತ್ತಿದ್ದರೆ. ಅಕ್ಕಪಕ್ಕದ ಹಲವು ಪಕ್ಕೆಲುಬು ಮುರಿದು, ಉಸಿರು ಒಳಗೆ ಎಳೆದಾಗ ಎದೆಯ ಆ ಭಾಗ ಉಬ್ಬುವ ಬದಲು ಒಳಕ್ಕೆ ಕುಸಿಯುತ್ತಿದ್ದರೆ. ಎದೆಯೊಳಗೆ ರಕ್ತ ಏರುತ್ತಲೇ ಇದ್ದರೆ. ಹಾಗಂತ ನೇರ ಟೇಬಲ್ ಮೇಲೆ ಮಲಗಿಸುವುದಲ್ಲ. ಎಳೆ ಮರಿಗೆ ಅರಿವಳಿಕೆಯೇ ದೊಡ್ಡ ಗಂಡಾಂತರ: ಮೈ ತಣ್ಣಗಾಗುತ್ತದೆ, ಸಕ್ಕರೆ ಇಳಿಯುತ್ತದೆ, ಬಿಪಿ ಬೀಳುತ್ತದೆ. ಗಿಣ್ಣುಹಾಲು ಸರಿಯಾಗಿ ಸಿಕ್ಕಿದೆಯಾ, ಅದರಿಂದ ಬರುವ ರೋಗನಿರೋಧಕ ಪ್ರೋಟೀನ್ ಐಜಿಜಿ ರಕ್ತದಲ್ಲಿ ಪ್ರತಿ ಡೆಸಿಲೀಟರ್‌ಗೆ 800 ಮಿಲಿಗ್ರಾಂ ದಾಟಿದೆಯಾ ಅಂತಲೂ ನೋಡಬೇಕು. ಎದೆಗೂಡಿನ ಒಳಪದರ ಮೊದಲೇ ಹರಿದಿರುವುದು ಸಾಮಾನ್ಯ, ಕೊಯ್ದ ಕೂಡಲೇ ಗಾಳಿ ನುಗ್ಗಿ ಶ್ವಾಸಕೋಶ ಕುಸಿಯಬಹುದು, ಆದ್ದರಿಂದ ಉಸಿರು ಕೊಡಲು ವೆಂಟಿಲೇಟರ್ ಮತ್ತು ಅದನ್ನು ನೋಡಿಕೊಳ್ಳುವ ಒಬ್ಬರು ಇಲ್ಲದೆ ಚಾಕು ಮುಟ್ಟಬಾರದು.

ಪ್ಲೇಟ್ ವಿಧಾನಕ್ಕೆ ಹೆಸರು ಬಂದದ್ದು 2004ರಲ್ಲಿ, 14 ಮರಿಗಳಿಗೆ ಆಪರೇಷನ್ ಮಾಡಿದ ವರದಿಯಿಂದ. ಎಲ್ಲ ದಿಕ್ಕಿಗೂ ಬಗ್ಗುವ ರಿಕನ್‌ಸ್ಟ್ರಕ್ಷನ್ ಪ್ಲೇಟನ್ನು ಪಕ್ಕೆಲುಬಿನ ಬಾಗಿಗೆ ಹೊಂದಿಸಿ ಸ್ಕ್ರೂ ಹಾಕುವುದು, ಜೊತೆಗೆ ಬೇಕಾದಲ್ಲಿ ತಂತಿ ಬಿಗಿಯುವುದು. ಮುರಿತ ಪಕ್ಕೆಲುಬಿನ ನಡುಭಾಗದಲ್ಲಿದ್ದರೆ ಇದಕ್ಕೆ ಸಾಟಿಯಿಲ್ಲ. ಬಿಗಿಯಾದ ಕೂಡಲೇ ಎದೆಯ ಗೋಡೆ ಗಟ್ಟಿಯಾಗಿ ನಿಲ್ಲುವುದು ಕಣ್ಣಿಗೇ ಕಾಣುತ್ತದೆ. ತೊಡಕು ಇರುವುದು ಕೆಳತುದಿಯಲ್ಲಿ. ಹೆಚ್ಚಿನ ಮುರಿತ ಅಲ್ಲೇ ಆಗುವುದು, ಅಲ್ಲಿ ಕೆಳಗಿನ ತುಂಡು ಗಿಡ್ಡ, ಎಲುಬು ಮೆತ್ತಗೆ. ಕೊಳೆತ ಹಲಗೆಗೆ ಸ್ಕ್ರೂ ತಿರುಗಿಸಿದ ಹಾಗೆ, ಕೊನೆಯ ಸುತ್ತಿನಲ್ಲಿ ಹಿಡಿತ ಕೈತಪ್ಪುತ್ತದೆ. ಸ್ಕ್ರೂ ಸ್ವಲ್ಪ ಉದ್ದವಾದರೂ ಮೊನೆ ಶ್ವಾಸಕೋಶದ ಕಡೆ ಇಣುಕುತ್ತದೆ. ಪ್ಲೇಟ್ ಬಗ್ಗಿಸುತ್ತಾ ಕೂತಷ್ಟು ಹೊತ್ತೂ ಅರಿವಳಿಕೆಯ ಸಮಯ ಓಡುತ್ತಿರುತ್ತದೆ. ಖರ್ಚೂ ಜಾಸ್ತಿ.

ಮರು ವರ್ಷವೇ, 2005ರಲ್ಲಿ, ನೈಲಾನ್ ದಾರದ ವಿಧಾನ ಪ್ರಕಟವಾಯಿತು. ಮುರಿದ ಎರಡೂ ತುಂಡುಗಳಲ್ಲಿ ತುದಿಯಿಂದ ಸ್ವಲ್ಪ ದೂರದಲ್ಲಿ ಒಂದೊಂದು ತೂತು ಕೊರೆದು, ದಪ್ಪ ನೈಲಾನ್ ಎಳೆ ತೂರಿಸಿ, ತುದಿಗಳನ್ನು ಎದುರುಬದುರು ತಂದು ಗಂಟು ಹಾಕುವುದು. ಕೊರೆಯುವಾಗ ಪಕ್ಕೆಲುಬಿನ ಅಡಿಗೆ ತೆಳ್ಳನೆಯ ಲೋಹದ ಪಟ್ಟಿ ಜಾರಿಸಿ ಹಿಡಿಯಬೇಕು. ಡ್ರಿಲ್ ಆಚೆ ದಾಟಿದ ಕ್ಷಣ ಪಟ್ಟಿಗೆ ಟಣ್ ಅಂತ ತಾಗುತ್ತದೆ. ಎಡಗಡೆಯಾದರೆ ಅದೇ ಪಟ್ಟಿ ಹೃದಯದ ಬಡಿತಕ್ಕೆ ನಿಮ್ಮ ಕೈಯಲ್ಲಿ ಅದುರುತ್ತಿರುತ್ತದೆ. ಗಂಟು ಬಿಗಿಯುವಾಗ ಸಹಾಯಕರು ತುಂಡುಗಳನ್ನು ಸಾಲಾಗಿ ಹಿಡಿದಿರಬೇಕು, ಇಲ್ಲದಿದ್ದರೆ ಒಂದರ ಮೇಲೊಂದು ಏರಿಬಿಡುತ್ತವೆ. ಪ್ಲೇಟಿನಷ್ಟು ಗಟ್ಟಿಯಲ್ಲ, ಉಸಿರಿನ ಜೊತೆ ಸ್ವಲ್ಪ ಅಲ್ಲಾಡುತ್ತದೆ. ನನ್ನ ಲೆಕ್ಕದಲ್ಲಿ ಅದೇನೂ ದೋಷವಲ್ಲ. ಇಲ್ಲಿ ಬೇಕಾದದ್ದು ಕಲ್ಲಿನಂಥ ಬಿಗಿತ ಅಲ್ಲ, ಚೂಪು ತುದಿ ಒಳಕ್ಕೆ ಹೋಗದಂತೆ ತಡೆ. ಮಿಕ್ಕದ್ದನ್ನು ಎಲುಬು ತಾನೇ ನೋಡಿಕೊಳ್ಳುತ್ತದೆ. ಕೆಳತುದಿಯ ಮೆತ್ತನೆ ಎಲುಬಿನಲ್ಲೂ ತೂತು ಸಾಮಾನ್ಯವಾಗಿ ನಿಲ್ಲುತ್ತದೆ. ಚೂರುಚೂರಾದ ಮುರಿತಕ್ಕೆ ಮಾತ್ರ ಇದು ಆಗದು, ಆಗ ಪ್ಲೇಟೇ ಬೇಕು.

ಕೇಬಲ್ ಟೈ ಬಳಕೆಯ ವರದಿ ಬಂದದ್ದು 2011ರಲ್ಲಿ. ತೂತಿಗೆ ತೂರಿಸಿ ಎಳೆದರೆ ಕರಕರ ಅಂತ ಬಿಗಿದು ನಿಲ್ಲುತ್ತದೆ, ಗಂಟಿನ ರಗಳೆ ಇಲ್ಲ. ವೇಗದಲ್ಲಿ ಇದೇ ಮೊದಲು. ಆದರೆ ಅದರ ಬೀಗದ ಗುಬುಟು ತೆಳು ಚರ್ಮದಡಿ ಕೈಗೆ ಸಿಗುತ್ತದೆ, ಕತ್ತರಿಸಿದ ಬಾಲದ ಅಂಚು ಚೂಪಾಗಿರುತ್ತದೆ, ಅಂಗಡಿಯ ಮಾಮೂಲಿ ಟೈ ದೇಹದೊಳಗೆ ಇಡಲೆಂದು ಮಾಡಿದ್ದೂ ಅಲ್ಲ. ಕ್ರಿಮಿ ಕೊಲ್ಲುವ ಗ್ಯಾಸ್‌ನಲ್ಲಿ ಶುದ್ಧಮಾಡಿ ಬಳಸುತ್ತಾರೆ, ನಾನೂ ಬಳಸಿದ್ದೇನೆ. ಕೀವಾಗದೆ ವಾಸಿಯಾದವೂ ಇವೆ. ಆದರೂ ಬೇರೇನೂ ಕೈಗೆ ಸಿಗದಿದ್ದಾಗ ಮಾತ್ರ.

ಯಾವ ವಿಧಾನವಾದರೂ, ಮುರಿದ ಎಲ್ಲ ಪಕ್ಕೆಲುಬನ್ನೂ ಜೋಡಿಸಬೇಕಿಲ್ಲ. ಅಪಾಯದ ಒಂದೆರಡನ್ನು ನಿಲ್ಲಿಸಿದರೆ, ನಡುವಿನ ಸ್ನಾಯುಗಳ ಹಿಡಿತದಿಂದ ಪಕ್ಕದವೂ ಸಾಕಷ್ಟು ನಿಲ್ಲುತ್ತವೆ. ಮುಚ್ಚುವ ಮೊದಲು ಶ್ವಾಸಕೋಶವನ್ನು ಪೂರ್ತಿ ಉಬ್ಬಿಸಿ ಎದೆಯೊಳಗಿನ ಗಾಳಿ ಎಳೆದು ತೆಗೆಯಬೇಕು. ಆಪರೇಷನ್ ಆಯಿತು ಅಂತ ಲಾಯದ ವಿಶ್ರಾಂತಿ ತಪ್ಪುವುದಿಲ್ಲ.

ನನಗೆ ಇನ್ನೂ ಕಷ್ಟ ಕೊಡುವುದು ಎರಡೂ ಕಡೆ ಮುರಿದ ಮರಿ. ಯಾವ ಮಗ್ಗುಲಿಗೆ ಮಲಗಿಸಿದರೂ ಒಂದು ಕಡೆ ಒತ್ತುತ್ತದೆ. ಎರಡನ್ನೂ ಒಂದೇ ಸಲ ಮಾಡಲು ಹೊರಟರೆ ಅರಿವಳಿಕೆ ಎಳೆಯುತ್ತಾ ಹೋಗುತ್ತದೆ. ಈಗ ನಾನು ಹೆಚ್ಚು ಜರುಗಿದ ಕಡೆಯನ್ನು ಮಾತ್ರ ದಾರದಿಂದ ಜೋಡಿಸಿ, ಇನ್ನೊಂದನ್ನು ದಿನಾ ಅಲ್ಟ್ರಾಸೌಂಡಿನಲ್ಲಿ ನೋಡುತ್ತೇನೆ. ಎರಡೂ ಕಡೆ ಒಂದೇ ಥರ ಜರುಗಿದ್ದರೆ ಎಡಗಡೆ ಮೊದಲು.