ಕ್ಯಾಮೆರಾ ಮುಂದೆಯೋ, ಕಥೆಯ ಹಿಂದೆಯೋ?

ಡಾಕ್ಟರಾಗಿದ್ದುಕೊಂಡೇ ಟೀವಿಗೂ ಹೋಗಬೇಕು ಅನ್ನೋ ಆಸೆ ಇದ್ದರೆ ಅಮೆರಿಕದ ಇಬ್ಬರನ್ನು ನೋಡಿ.

ಮೊದಲನೆಯವರು ಸಂಜಯ್ ಗುಪ್ತಾ. ಮೆದುಳಿನ ಸರ್ಜನ್. 2001ರಲ್ಲಿ ಸುದ್ದಿ ಚಾನೆಲ್ ಸಿಎನ್‌ಎನ್ ಸೇರಿದರು, ಅಟ್ಲಾಂಟಾದಲ್ಲಿ ಆಪರೇಷನ್ ಮಾಡುವುದನ್ನು ಬಿಡಲಿಲ್ಲ. 2003ರಲ್ಲಿ ಇರಾಕ್ ಯುದ್ಧದ ವರದಿಗೆ ಹೋದಾಗ ಅಲ್ಲಿನ ಸೇನಾ ವೈದ್ಯರು ಅವರ ನೆರವು ಕೇಳಿದರು. ಮೈಕ್ ಕೆಳಗಿಟ್ಟು, ತಲೆಗೆ ಪೆಟ್ಟಾಗಿದ್ದ ಎರಡು ವರ್ಷದ ಮಗುವಿಗೆ ಆಪರೇಷನ್ ಮಾಡಿದರು. ಮಗು ಉಳಿಯಲಿಲ್ಲ. ವರದಿಗಾರ ಹೀಗೆ ಮಾಡಬಹುದಾ ಅಂತ ಆಮೇಲೆ ಚರ್ಚೆಯಾಯಿತು. ನನಗಂತೂ ಅವರು ಮಾಡಿದ್ದೇ ಸರಿ ಅನಿಸುತ್ತದೆ.

ಎರಡನೆಯವರು ಜೋ ಸ್ಯಾಕ್ಸ್, ತುರ್ತು ಚಿಕಿತ್ಸೆಯ ವೈದ್ಯ. 1994ರಿಂದ 2009ರವರೆಗೆ ಟೀವಿಯಲ್ಲಿ ಬಂದ, ಆಸ್ಪತ್ರೆಯ ತುರ್ತು ವಿಭಾಗದ ಕಥೆಯ 'ಇಆರ್' ಧಾರಾವಾಹಿಗೆ ಕಥೆ ಬರೆದವರಲ್ಲಿ ಒಬ್ಬರು. ನಟನ ಕೈಯಲ್ಲಿ ಟ್ಯೂಬು ಎಲ್ಲಿಗೆ ಹೋಗಬೇಕು, ನರ್ಸ್ ಆಗ ಏನು ಹೇಳುತ್ತಾಳೆ ಅನ್ನೋದೆಲ್ಲ ಇಂಥವರಿಗೇ ಗೊತ್ತು, ಅಲ್ವಾ?

ಮುಖ ತೋರಿಸುವ ದಾರಿಯಲ್ಲಿ ಹೆಸರು ಜಾಸ್ತಿ, ಅಪಾಯವೂ ಜಾಸ್ತಿ. ಹೃದಯದ ಸರ್ಜನ್ ಮೆಹ್ಮೆತ್ ಆಜ್ ತಮ್ಮ ಶೋನಲ್ಲಿ ತೂಕ ಇಳಿಸುವ ಪದಾರ್ಥಗಳನ್ನು ಹೊಗಳಿ, 2014ರಲ್ಲಿ ಅಮೆರಿಕದ ಸೆನೆಟ್ ಮುಂದೆ ಉತ್ತರ ಕೊಡಬೇಕಾಯಿತು. ಜನ ಬಿಳಿ ಕೋಟು ನೋಡಿ ನಂಬುತ್ತಾರೆ. ಆ ನಂಬಿಕೆ ದೊಡ್ಡದು.

ಬರೆಯುವ ದಾರಿಯಲ್ಲಿ ಬೀದಿಯಲ್ಲಿ ಯಾರೂ ಗುರುತು ಹಿಡಿಯಲ್ಲ. ಆದರೆ ಒಂದು ಕಂತಿಗೆ ವಾರಗಟ್ಟಲೆ ಯೋಚಿಸಬಹುದು, ತಪ್ಪಿದ್ದರೆ ತಿದ್ದಬಹುದು. ಸುದ್ದಿಯಲ್ಲಿ ಅಷ್ಟು ಹೊತ್ತು ಸಿಗಲ್ಲ. ತಕ್ಷಣ, ಸರಳವಾಗಿ, ತಪ್ಪಿಲ್ಲದೆ ಮಾತಾಡಬಲ್ಲಿರಾದರೆ ಕ್ಯಾಮೆರಾ ಆರಿಸಿಕೊಳ್ಳಿ. ಇಲ್ಲದಿದ್ದರೆ ಪೆನ್ನು ಹಿಡಿಯಿರಿ. ಯಾವುದಾದರೂ ಸರಿ, ವಾರಕ್ಕೊಂದು ದಿನವಾದರೂ ರೋಗಿಗಳನ್ನು ನೋಡುವುದನ್ನು ಬಿಡಬೇಡಿ.