ಟಿಳಕವಾಡಿಯಲ್ಲೊಂದು ಲೇಟೆಕ್ ಬಲ್ಲ ಡಿಟಿಪಿ ಅಂಗಡಿ

ಬೆಳಗಾವಿಯಲ್ಲಿ ಪಿಎಚ್‌.ಡಿ. ಪ್ರಬಂಧ ಹಿಡಿದುಕೊಂಡು ಅಂಗಡಿ ಅಲೆಯುವವರು ಎರಡನೇ ರೈಲ್ವೆ ಗೇಟಿನ ಹತ್ತಿರ, ಮೊದಲ ಮಹಡಿಯಲ್ಲಿರುವ ಈ ಡಿಟಿಪಿ ಅಂಗಡಿಯ ಮೆಟ್ಟಿಲು ಹತ್ತಬಹುದು. ಬೋರ್ಡಿನ ಮೇಲೆ ಲಗ್ನಪತ್ರಿಕೆ, ವಿಸಿಟಿಂಗ್ ಕಾರ್ಡ್ ಎಂದಷ್ಟೇ ಇದೆ. ಲೇಟೆಕ್, ಅಂದರೆ ಗಣಿತ ತುಂಬಿದ ಬರಹವನ್ನು ಅಚ್ಚಿಗೆ ಜೋಡಿಸುವ ತಂತ್ರಾಂಶದ ಕೆಲಸವೆಲ್ಲ ಒಳಗಿನ ಮೂಲೆಯ ಕಂಪ್ಯೂಟರಿನಲ್ಲಿ.

ನನ್ನ ವಿದ್ಯಾರ್ಥಿನಿಯ ಪ್ರಬಂಧ ಪಿ-ಗ್ರೂಪ್‌ಗಳೆಂಬ ಬೀಜಗಣಿತದ ರಚನೆಗಳ ಮೇಲೆ. ಸಣ್ಣ ಪಿ ಎಂದರೆ ಅವಿಭಾಜ್ಯ ಸಂಖ್ಯೆ, ದೊಡ್ಡ ಪಿ ಎಂದರೆ ಸೈಲೋ ಉಪಗ್ರೂಪ್ ಎಂಬ ಬೇರೆಯದೇ ವಸ್ತು. ಅದಲು ಬದಲಾದರೆ ಗಣಿತವೇ ಕೆಟ್ಟಿತು. ಸಣ್ಣ ಪಿಗೆಂದು ಅವಳು ಒಂದು ಕಮಾಂಡ್ (ಲೇಟೆಕ್‌ಗೆ ಕೊಡುವ ಕಿರು ಆಜ್ಞೆ) ಮಾಡಿಕೊಂಡು, ಅಧ್ಯಾಯದ ಶೀರ್ಷಿಕೆಯಲ್ಲೂ ಅದನ್ನೇ ಹಾಕಿದ್ದಳು. ಶೀರ್ಷಿಕೆ ಸರಿ, ಪರಿವಿಡಿ ಸರಿ, ಪುಟದ ತಲೆಯ ಸಾಲಾದ ಹೆಡರಿನಲ್ಲಿ ಮಾತ್ರ ದೊಡ್ಡ ಪಿ! ಮೊದಲು ಹೋಗಿದ್ದ ಬೇರೊಂದು ಅಂಗಡಿಯವರು ಹೆಡರನ್ನೇ ತೆಗೆದುಬಿಡೋಣ ಎಂದರು. ಮೂಗಿಗೆ ನೆಗಡಿಯಾದರೆ ಮೂಗನ್ನೇ ಕೊಯ್ಯುವ ವೈದ್ಯ.

ಇಲ್ಲಿಯ ಹೆಣ್ಣುಮಗಳು ಫೈಲ್ ನೋಡಿ, "ಸರ್, ನಿಮ್ಮ ಕಮಾಂಡ್ ಹೆಡರಿಗೆ ಇಡಿಯಾಗಿ ಹೋಗುತ್ತಿಲ್ಲ, ದಾರಿಯಲ್ಲೇ ಬಿಚ್ಚಿಕೊಳ್ಳುತ್ತಿದೆ" ಎಂದರು. ಬುಕ್ ಕ್ಲಾಸ್ (ಲೇಟೆಕ್‌ನ ಪುಸ್ತಕ ವಿನ್ಯಾಸ) ಹೆಡರನ್ನು, ಅಕ್ಷರಗಳನ್ನು ದೊಡ್ಡದಾಗಿಸುವ ಕಮಾಂಡ್ ಆದ ಮೇಕ್‌ಅಪ್ಪರ್‌ಕೇಸ್‌ಗೆ ಒಪ್ಪಿಸುತ್ತದೆ. ಹಳೆಯ ಲೇಟೆಕ್‌ನಲ್ಲಿ ಅದು ತನಗೆ ಕೊಟ್ಟ ಪಠ್ಯದೊಳಗಿನ ಕಮಾಂಡ್‌ಗಳನ್ನು ಮೊದಲು ಬಿಡಿಸಿ, ಹೊರಬಂದ ಅಕ್ಷರಗಳನ್ನೆಲ್ಲ ದೊಡ್ಡದು ಮಾಡುತ್ತದೆ. ಗಣಿತದ ಚಿಹ್ನೆ ಎಂಬ ಮುಲಾಜಿಲ್ಲ. ಅವಳು ಕಮಾಂಡ್ ಮಾಡಿಕೊಂಡಿದ್ದ ಸಾಲಿನಲ್ಲಿ ಅವರು ನ್ಯೂಕಮಾಂಡ್ ಅಳಿಸಿ ಡಿಕ್ಲೇರ್‌ರೋಬಸ್ಟ್‌ಕಮಾಂಡ್ ಎಂದು ಬರೆದರು, ಅಷ್ಟೇ. ಈಗ ಅದು ಬಿಡಿಸುವ ಹಂತದಲ್ಲಿ ಬಿಚ್ಚಿಕೊಳ್ಳದೆ ದಾಟಿ, ಪುಟಕ್ಕೆ ಬರುವಾಗ ಸಣ್ಣ ಪಿ ಆಗಿಯೇ ಬರುತ್ತದೆ. ಒಂದೇ ಪದ ಬದಲು, ಇಡೀ ಪ್ರಬಂಧದ ಹೆಡರುಗಳು ನೆಟ್ಟಗಾದವು.

ಚಿತ್ರದ ಕ್ಯಾಪ್ಷನ್ನಿನಲ್ಲಿದ್ದ ಉಲ್ಲೇಖವೂ ಕಾಟ ಕೊಟ್ಟಿತ್ತು: ಪ್ರಬಂಧದ ಆರಂಭದಲ್ಲಿರುವ ಚಿತ್ರಪಟ್ಟಿಗೂ ನುಸುಳಿ ಉಲ್ಲೇಖಗಳ ಕ್ರಮಸಂಖ್ಯೆ ಕೆಡಿಸುತ್ತಿತ್ತು. ಪಟ್ಟಿಗೆಂದು ಚೌಕ ಕಂಸದಲ್ಲಿ ಉಲ್ಲೇಖವಿಲ್ಲದ ಚಿಕ್ಕ ಶೀರ್ಷಿಕೆ ಕೊಟ್ಟು ತಡೆದರು.

ದೂರುಗಳಿವೆ. ಪುಟಕ್ಕಿಷ್ಟು ಎಂಬ ದರದಲ್ಲಿ ಖಾಲಿ ಪುಟಗಳನ್ನೂ ಎಣಿಸುತ್ತಾರೆ, ಕೇಳಿದರೆ ನಗುತ್ತಾರೆ. ಅವರ ಲೇಟೆಕ್ ಹಳೆಯದು. 2022ರ ಜೂನ್ ಆವೃತ್ತಿಯಿಂದ ಮೇಕ್‌ಅಪ್ಪರ್‌ಕೇಸ್ ಗಣಿತವನ್ನು ಮುಟ್ಟುವುದೇ ಇಲ್ಲ. ಅದನ್ನು ಹಾಕಿಕೊಂಡಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ. ಮಾಲೀಕರಿಗೆ ಹೇಳಿದೆ. ಹಳೆಯ ಗಿರಾಕಿಗಳ ಫೈಲುಗಳು ಕೆಟ್ಟಾವು ಎಂಬ ಭಯ ಅವರಿಗೆ. ಬೈಂಡಿಂಗ್ ಸಾಧಾರಣ, ಅದನ್ನು ಬೇರೆ ಕಡೆ ಮಾಡಿಸಿ.

ಹೋಗುವಾಗ ಟೆಕ್ (ಪ್ರಬಂಧದ ಮೂಲ) ಮತ್ತು ಬಿಬ್ (ಗ್ರಂಥಸೂಚಿ) ಫೈಲುಗಳೆರಡನ್ನೂ ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಬರೀ ಪಿಡಿಎಫ್ ಕೊಟ್ಟರೆ ಅವರು ಮುಟ್ಟುವುದಿಲ್ಲ.